ಅಪ್‌ಡೇಟ್: ಬೈಕ್ ಸ್ಟಾರ್ಟ್ ಆಯಿತು, ತೊಂದರೆ ಇದ್ದದ್ದು ಬಣ್ಣದಲ್ಲಿ!

ಗೆಳೆಯನ ಗ್ಯಾರೇಜಿನಲ್ಲಿ ನಾವಿಬ್ಬರೂ ಕಟ್ಟುತ್ತಿರುವ ಬೈಕ್ ಬಗ್ಗೆ ಕೇಳಿದ್ದೆ. ಹೊಸ ಬ್ಯಾಟರಿ ಇದ್ದರೂ ಸೆಲ್ಫ್ ಒತ್ತಿದರೆ ಬರೀ ಟಿಕ್ ಅನ್ನುತ್ತೆ, ಎಂಜಿನ್ ತಿರುಗುವುದಿಲ್ಲ ಅಂತ. "ಅರ್ಥಿಂಗ್ ನೋಡಿ" (ಅಂದರೆ ಬ್ಯಾಟರಿಯ ನೆಗೆಟಿವ್ ಅನ್ನು ಬೈಕಿನ ಲೋಹದ ಮೈಗೆ ಸೇರಿಸುವ ಸಂಪರ್ಕ) ಅಂದವರಿಗೆ ಮನಸಾರೆ ಥ್ಯಾಂಕ್ಸ್. ನಿಮ್ಮ ಮಾತೇ ಸರಿ.

ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿತ್ತು. ಸೆಲ್ಫ್ ಮೋಟರ್‌ಗೆ ಕರೆಂಟ್ ಬಿಡುವ ಸ್ವಿಚ್, ಅಂದರೆ ರಿಲೇ, ಹೋಗಿದೆ ಅಂದುಕೊಂಡು ಸುಮ್ನೆ ಹೊಸದು ಕೊಳ್ಳುವವನಿದ್ದೆ. ಆಮೇಲೆ ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ ಮೈಗೆ ಇಟ್ಟೆ. ಗೆಳೆಯ ಸೆಲ್ಫ್ ಒತ್ತಿದ. 3 ವೋಲ್ಟ್‌ಗೂ ಜಾಸ್ತಿ! ಅಲ್ಲಿ ಸೊನ್ನೆಯ ಹತ್ತಿರ ಇರಬೇಕು ಅಲ್ವಾ? ಅಷ್ಟೂ ವೋಲ್ಟ್ ಸೆಲ್ಫ್ ಮೋಟರ್‌ಗೆ ಸಿಗದೆ ಅರ್ಥಿಂಗ್ ದಾರಿಯಲ್ಲೇ ಕಳೆದುಹೋಗುತ್ತಿತ್ತು.

ಚಾಸಿಗೆ (ಬೈಕಿನ ಚೌಕಟ್ಟಿಗೆ) ಪೌಡರ್ ಕೋಟಿಂಗ್, ಅಂದರೆ ಪುಡಿ ಬಣ್ಣ, ಮಾಡಿಸಿದಾಗ ಅರ್ಥ್ ಬೋಲ್ಟ್ ಕೂರುವ ಜಾಗವೂ ಮುಚ್ಚಿಹೋಗಿತ್ತು. ಆ ಬಣ್ಣ ಕರೆಂಟ್ ಹಾಯಲು ಬಿಡುವುದಿಲ್ಲ. ಅಷ್ಟು ಜಾಗವನ್ನು ಮಾತ್ರ ಎಮರಿ ಪೇಪರ್‌ನಿಂದ ಉಜ್ಜಿ ಬರೀ ಲೋಹ ಕಾಣುವ ಹಾಗೆ ಮಾಡಿದೆವು. ಬೋಲ್ಟ್ ಬಿಗಿ ಮಾಡಿದ ಮೇಲೆ ತುಕ್ಕು ಹಿಡಿಯದಿರಲಿ ಅಂತ ಗ್ರೀಸ್ ಸವರಿದೆವು. ಬ್ಯಾಟರಿಯಿಂದ ನೇರವಾಗಿ ಎಂಜಿನ್‌ಗೆ ಇನ್ನೊಂದು ದಪ್ಪ ವೈರ್ ಕೂಡ ಎಳೆದೆವು.

ಈಗ 0.1 ವೋಲ್ಟ್. ಒಂದೇ ಸಲಕ್ಕೆ ಸ್ಟಾರ್ಟ್! ಆ ಸದ್ದು ಕೇಳಿ ಇಬ್ಬರಿಗೂ ಮಾತೇ ಹೊರಡಲಿಲ್ಲ.

ಹಿಂದೆ ಅಗಲವಾದ ಟೈರ್ ಹಾಕಿದ್ದರಿಂದ ಚೈನ್ ಅದಕ್ಕೆ ಉಜ್ಜುತ್ತಿದೆ. ಮುಂದಿನ ಭಾನುವಾರ ಆ ಕೆಲಸ.