ಕಡಲಡಿ ಸೇರಿದ ನೆಲಕ್ಕೆ ‘ಮುಳುಗಡೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಡಾಗರ್‌ಲ್ಯಾಂಡ್ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಬ್ರಿಟನ್ನಿಗೂ ನೆದರ್‌ಲ್ಯಾಂಡ್ಸ್, ಡೆನ್ಮಾರ್ಕ್‌ಗಳಿಗೂ ನಡುವೆ ಉತ್ತರ ಸಮುದ್ರ ಇದೆಯಲ್ಲ, ಅದರ ದಕ್ಷಿಣ ಭಾಗ ಒಂದು ಕಾಲಕ್ಕೆ ಒಣನೆಲ. ನದಿ, ಜೌಗು, ಕಾಡು ಎಲ್ಲ ಇದ್ದವು. ಮಧ್ಯಶಿಲಾಯುಗದ ಜನ ಅಲ್ಲಿ ಬೇಟೆಯಾಡಿ, ಮೀನು ಹಿಡಿದು ಬದುಕಿದ್ದರು. ಹಿಮಯುಗದ ಮಂಜು ಕರಗಿ ಕಡಲು ಏರುತ್ತಾ ಹೋದಂತೆ ಆ ನೆಲ ನೀರಿನಡಿ ಸೇರಿತು.

‘ಸೇರಿತು’ ಅಂತ ಸುಮ್ನೆ ಜಾರಿಕೊಂಡಿದ್ದೇನೆ, ಗಮನಿಸಿದಿರಾ? ಸರಿಯಾದ ಪದ ಸಿಗುತ್ತಿಲ್ಲ.

ಮೊದಲು ಬರೆದದ್ದು ‘ಮುಳುಗಡೆಯಾದ ಪ್ರದೇಶ’. ಆದರೆ ಮುಳುಗಡೆ ಅಂದ ಕೂಡಲೇ ನಮಗೆ ಅಣೆಕಟ್ಟು ನೆನಪಾಗುತ್ತದೆ. ಲಿಂಗನಮಕ್ಕಿ, ಆಲಮಟ್ಟಿ. ಬಾಗಲಕೋಟೆಯವರನ್ನಂತೂ ಕೇಳುವುದೇ ಬೇಡ. ಆ ಪದದ ಹಿಂದೆಯೇ ನೋಟಿಸು, ಪರಿಹಾರ, ಪುನರ್ವಸತಿ ಎಲ್ಲ ಬರುತ್ತವೆ. ಯಾರೋ ನಿರ್ಧಾರ ಮಾಡಿ ಮುಳುಗಿಸಿದ್ದು ಎಂಬ ಅರ್ಥ ಅದಕ್ಕೆ ಅಂಟಿಬಿಟ್ಟಿದೆ. ‘ಜಲಾವೃತ’ ಮಳೆಗಾಲದ ಪತ್ರಿಕೆಯ ಪದ, ನೀರು ಇಳಿದರೆ ಅದೂ ಮುಗಿಯಿತು.

‘ಕಡಲು ನುಂಗಿದ ನಾಡು’ ಕೇಳಲು ಚೆಂದ. ತೊಂದರೆ ಏನೆಂದರೆ, ನುಂಗುವುದು ಒಂದು ಗುಟುಕಿನ ಕೆಲಸ. ಇಲ್ಲಿ ಹಾಗಾಗಲಿಲ್ಲ. ಸುಮಾರು 20,000 ವರ್ಷಗಳ ಹಿಂದೆ ಕಡಲ ಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಅದು ಏರಲು ಸಾವಿರಾರು ವರ್ಷ ಹಿಡಿಯಿತು. ಅಜ್ಜಿ ಗೆಡ್ಡೆ ಅಗೆದ ಜಾಗದಲ್ಲಿ ಮೊಮ್ಮಗಳ ಕಾಲಕ್ಕೆ ಉಪ್ಪುನೀರು ನಿಂತಿರಬಹುದು, ಅಷ್ಟೇ. ಹಾಗಂತ ‘ನುಂಗು’ ಪೂರ್ತಿ ಸುಳ್ಳೂ ಅಲ್ಲ. ಸುಮಾರು 8,150 ವರ್ಷಗಳ ಹಿಂದೆ ನಾರ್ವೆಯ ತೀರದಾಚೆ ಸ್ಟೊರೆಗ್ಗಾ ಎಂಬಲ್ಲಿ ಕಡಲತಳ ಕುಸಿದು ಸುನಾಮಿ ಎದ್ದಿತು. ಆ ಹೊತ್ತಿಗೆ ಡಾಗರ್‌ಲ್ಯಾಂಡಿನಲ್ಲಿ ತಗ್ಗಿನ ನೆಲ, ನಡುಗಡ್ಡೆಗಳು ಮಾತ್ರ ಉಳಿದಿದ್ದವು. ಆ ಒಂದು ದಿನಕ್ಕೆ ಬೇಕಾದರೆ ‘ನುಂಗಿತು’ ಅನ್ನಬಹುದು.

ಎರಡು ನಾಡುಗಳನ್ನು ಜೋಡಿಸುವ ಇಂಥ ನೆಲಕ್ಕೆ ಬಳಸುವ ಇನ್ನೊಂದು ಪದದ ಮೇಲೆ ನನಗೆ ಜಾಸ್ತಿ ತಕರಾರಿದೆ: ‘ಭೂಸೇತುವೆ’. ಸೇತುವೆ ಇರುವುದು ದಾಟಲು, ಅದರ ಮೇಲೆ ಯಾರೂ ಸಂಸಾರ ಹೂಡುವುದಿಲ್ಲ. 1998ರಲ್ಲಿ ಪುರಾತತ್ವಜ್ಞೆ ಬ್ರಯೊನಿ ಕೋಲ್ಸ್ ಎತ್ತಿದ್ದೂ ಇದೇ ಮಾತು. ಅದು ದಾಟುದಾರಿಯಲ್ಲ, ಜನ ನೆಲೆಸಿದ್ದ ಜಾಗ ಎಂದು ತೋರಿಸಲು ಅವರು ಡಾಗರ್‌ಲ್ಯಾಂಡ್ ಎಂಬ ಹೆಸರಿಟ್ಟರು. ಅಲ್ಲಿನ ಡಾಗರ್ ಬ್ಯಾಂಕ್ ಎಂಬ ಮರಳದಿಬ್ಬದಿಂದ ಬಂದ ಹೆಸರು, ‘ಡಾಗರ್’ ಅಂದರೆ ಹಳೆಯ ಡಚ್ ಮೀನುದೋಣಿ. ದೋಣಿಯ ಹೆಸರೇ ಆ ನೆಲಕ್ಕೆ ಬಂದಿದ್ದು ಸರಿಯಾಗಿಯೇ ಇದೆ. 1931ರಲ್ಲಿ ಕೊಲಿಂಡಾ ಎಂಬ ಟ್ರಾಲರ್ ನಾರ್ಫೋಕ್ ತೀರದಾಚೆ ಬಲೆ ಎಳೆದಾಗ ಕಪ್ಪು ಪೀಟ್ (ಜೌಗಿನಲ್ಲಿ ಅರೆಕೊಳೆತ ಗಿಡಗಳಿಂದಾದ ಮಣ್ಣು) ಹೆಂಟೆಯೊಂದು ಬಂತು. ಅದನ್ನು ಒಡೆದರೆ ಒಳಗೆ ಜಿಂಕೆ ಕೊಂಬಿನಲ್ಲಿ ಕೆತ್ತಿದ ಹಲ್ಲುಹಲ್ಲಿನ ಈಟಿಮೊನೆ! ಆ ಹೆಂಟೆಗಳಿಗೆ ಮೀನುಗಾರರು ‘ಮೂರ್‌ಲಾಗ್’ ಅನ್ನುತ್ತಿದ್ದರು. ಬಲೆ ಹರಿಯುವ ಕಾಟ ಎಂದು ಎಸೆಯುತ್ತಿದ್ದ ವಸ್ತುವಿಗೂ ಅವರ ಬಳಿ ಒಂದು ಪದ ಇತ್ತು, ನೋಡಿ.

ಸದ್ಯಕ್ಕೆ ಜಾಗಕ್ಕೆ ‘ಕಡಲಡಿಯ ನಾಡು’, ಆದದ್ದಕ್ಕೆ ‘ಕಡಲೇರಿಕೆ’ ಎಂದು ಇಟ್ಟುಕೊಂಡಿದ್ದೇನೆ. ‘ಭೂದೃಶ್ಯ’ ಬೇಡ, ಗೋಡೆಗೆ ತೂಗುಹಾಕಿದ ಚಿತ್ರದಂತೆ ಕೇಳುತ್ತದೆ. ಆದರೆ ‘ಕಡಲಡಿಯ ನಾಡು’ ಅಂದರೆ ಮಕ್ಕಳು ಮತ್ಸ್ಯಕನ್ಯೆಯರನ್ನು ಹುಡುಕಿಯಾರು ಎಂಬ ಭಯವೂ ಇದೆ.

ತಮಿಳಿನಲ್ಲಿ ಕಡಲು ನೆಲವನ್ನು ಕಸಿಯುವುದಕ್ಕೆ ‘ಕಡಲ್‌ಕೋಳ್’ ಎಂಬ ಪದವಿದೆ. ನಮ್ಮಲ್ಲೂ ‘ಕೋಳುಹೋಗು’ ಅಂದರೆ ಸೂರೆಯಾಗು. ‘ಕಡಲ್ಕೋಳು’ ಅಂದರೆ ಇಂದಿನ ಓದುಗರಿಗೆ ಹತ್ತುತ್ತದಾ, ಅಥವಾ ಟಿಪ್ಪಣಿ ಬೇಕಾಗುತ್ತದಾ? ಉಳ್ಳಾಲ, ಮರವಂತೆ, ಕಾರವಾರದ ಕಡೆಯವರು ಇದ್ದರೆ ಇನ್ನೊಂದು ಪ್ರಶ್ನೆ: ಅಂಗಳ, ತೆಂಗಿನ ಸಾಲು ಕಡಲ ಪಾಲಾದರೆ ಮನೆಯಲ್ಲಿ ಏನನ್ನುತ್ತೀರಿ? ‘ಕಡಲ್ಕೊರೆತ’ ಬಿಟ್ಟು ಹೇಳಿ, ಅದು ಸರ್ಕಾರಿ ಪದ ಅನಿಸುತ್ತದೆ.