ಒಂದೇ ಕಂಪ್ಯೂಟರ್‌ಗೆ ನೆಟ್‌ವರ್ಕ್ ಹೋಗಿ ಬಂದು ಮಾಡಿದಾಗ: ನಮ್ಮ ಮನೆಯವರ ಗುಂಪಿನ ಚರ್ಚೆ

ಭಾವ (ಫಾರ್ವರ್ಡ್ ಮಾಡಿದ ಸಂದೇಶ): ತಪ್ಪದೆ ಓದಿ, ಎಲ್ಲ ಗುಂಪುಗಳಿಗೂ ಕಳುಹಿಸಿ. ನಿಮ್ಮ ಕಂಪ್ಯೂಟರ್‌ನಲ್ಲಿ ಇಂಟರ್ನೆಟ್ ಪದೇ ಪದೇ ನಿಂತುಹೋಗುತ್ತಿದೆಯೇ? ವಿಂಡೋಸ್ ನಿಮಗೆ ತಿಳಿಯದಂತೆ ನಿಮ್ಮ ಸಂಪರ್ಕದ ಶೇ 20ರಷ್ಟನ್ನು ತನಗಾಗಿ ಕಾಯ್ದಿರಿಸಿಕೊಳ್ಳುತ್ತದೆ. ಗ್ರೂಪ್ ಪಾಲಿಸಿ ಎಂಬ ಸೆಟ್ಟಿಂಗ್‌ಗೆ ಹೋಗಿ ಆ ಮಿತಿಯನ್ನು ಸೊನ್ನೆ ಮಾಡಿ, ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವ ಸೇವೆ) ವಿಳಾಸವನ್ನು 8.8.8.8 ಎಂದು ಬದಲಿಸಿದರೆ ಇನ್ನೆಂದೂ ತೊಂದರೆಯಾಗದು.

ಭಾವ: ನಿಮ್ಮ ಅಕ್ಕನ ಕಚೇರಿಯ ಕಂಪ್ಯೂಟರ್‌ನಲ್ಲಿ ಆಗುತ್ತಿರುವುದು ಇದೇ. ಕೆಲಸದ ನಡುವೆ ನೆಟ್‌ವರ್ಕ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಬರುತ್ತದೆ. ದೊಡ್ಡ ಕಂಪನಿಗಳು ನಮ್ಮಿಂದ ಏನನ್ನೋ ಮುಚ್ಚಿಡುತ್ತವೆ ಎಂದು ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ.

ತಂಗಿ: ಭಾವ, ಇದನ್ನು ಬರೆದವರು ಯಾರು, ಯಾವ ವರ್ಷ ಬರೆದರು, ಯಾವ ವಿಂಡೋಸ್ ಬಗ್ಗೆ ಬರೆದರು ಎಂಬ ಮೂರನ್ನಾದರೂ ತಿಳಿಸುತ್ತೀರಾ? ಹೋದ ಸಲ ನೀವು ಕಳುಹಿಸಿದ ವೇಗ ಹೆಚ್ಚಿಸುವ ಸಲಹೆಯನ್ನು ನಂಬಿದ್ದರಿಂದ ದೊಡ್ಡಪ್ಪನವರ ಕಂಪ್ಯೂಟರ್‌ನಲ್ಲಿ ಪ್ರಿಂಟರ್‌ನ ಡ್ರೈವರ್ ಅಳಿಸಿಹೋಗಿತ್ತು.

ಭಾವ: ಆ ಡ್ರೈವರನ್ನು ಅಳಿಸಿದವನು ನಾನಲ್ಲ. ಸಲಹೆಯಲ್ಲಿದ್ದದ್ದು ಒಂದು, ಅವರು ಒತ್ತಿದ್ದು ಇನ್ನೊಂದು.

ದೊಡ್ಡಪ್ಪ: ಪ್ರಿಂಟರ್ ವಿಷಯವನ್ನು ನಾನೇ ಮರೆತಿದ್ದೆ, ಅದನ್ನು ಈಗ ಎತ್ತುವುದರಿಂದ ಯಾರಿಗೆ ಏನು ಪ್ರಯೋಜನ? ಅಳಿಯಂದಿರು ಒಳ್ಳೆಯ ಮನಸ್ಸಿನಿಂದ ಕಳುಹಿಸಿದ್ದಾರೆ. ಮೂಲ ಕೇಳುವುದು ತಪ್ಪಲ್ಲ, ಆದರೆ ಹಿರಿಯರನ್ನು ಕೇಳುವುದಕ್ಕೆ ಒಂದು ರೀತಿಯಿದೆ. ಅಲ್ಲದೆ ಈಗಿನವರಿಗೆ ತಾಳ್ಮೆಯೇ ಇಲ್ಲ. ಎರಡು ನಿಮಿಷ ನೆಟ್‌ವರ್ಕ್ ಹೋದರೆ ಪ್ರಪಂಚವೇ ಮುಳುಗಿದಂತೆ ಆಡುತ್ತೀರಿ.

ತಂಗಿ: ನೀವು ಮರೆತಿರಬಹುದು ದೊಡ್ಡಪ್ಪ, ಆದರೆ ಸಂಜೆಯೆಲ್ಲ ಕೂತು ಅದನ್ನು ಸರಿಮಾಡಿಕೊಟ್ಟವಳು ನಾನು.

ಅಣ್ಣ: ಇದನ್ನೆಲ್ಲ ಓದಿದರೆ ನನಗೆ ನಮ್ಮ ಹಳೆಯ ಕೋಆಕ್ಸಿಯಲ್ ಕೇಬಲ್‌ನ ದಿನಗಳು ನೆನಪಾಗುತ್ತವೆ. ಒಂದು ಮೇಜಿನಿಂದ ಇನ್ನೊಂದಕ್ಕೆ ಕಪ್ಪು ಕೇಬಲ್, ಪ್ರತಿ ಕಂಪ್ಯೂಟರ್‌ನ ಹಿಂದೆ ಟಿ ಆಕಾರದ ಕನೆಕ್ಟರ್, ಎರಡೂ ತುದಿಗಳಲ್ಲಿ ಸಂಕೇತ ಮರಳದಂತೆ ತಡೆಯುವ 50 ಓಮ್‌ನ ಟರ್ಮಿನೇಟರ್. ಯಾರೋ ಕುರ್ಚಿ ಎಳೆದು ಒಂದು ಕಡೆ ಸಡಿಲವಾದರೆ ಆ ಸಾಲಿನ ಎಲ್ಲರ ಕೆಲಸವೂ ನಿಲ್ಲುತ್ತಿತ್ತು. ಎಲ್ಲರೂ ಎದ್ದು ಒಟ್ಟಿಗೆ ಹುಡುಕುತ್ತಿದ್ದೆವು. ಈಗ ಯಾರ ಕಷ್ಟ ಯಾರಿಗೂ ಗೊತ್ತಾಗುವುದಿಲ್ಲ.

ಅಕ್ಕ: ದಯವಿಟ್ಟು ಯಾರಾದರೂ ನನ್ನ ಕಂಪ್ಯೂಟರ್ ಬಗ್ಗೆ ಮಾತಾಡುತ್ತೀರಾ? ನಮ್ಮ ಸಾಲಿನಲ್ಲಿ ಉಳಿದ ಎಲ್ಲರಿಗೂ ನೆಟ್‌ವರ್ಕ್ ಸರಿಯಾಗಿದೆ, ನನ್ನದೊಂದಕ್ಕೆ ಮಾತ್ರ ಹೋಗುತ್ತದೆ. ಕಚೇರಿಯ ನೆಟ್‌ವರ್ಕ್ ವಿಭಾಗದವರು ಬಂದು ರೀಸ್ಟಾರ್ಟ್ ಮಾಡಿ, ಈಗ ಬರುತ್ತಿದೆಯಲ್ಲ ಎಂದು ಹೇಳಿ ಹೋದರು. ಅವರು ಹೋದ ಮೇಲೆ ಮತ್ತೆ ಹೋಯಿತು.

ನಾನು: ಅಕ್ಕ, ನೀನು ಹೇಳಿದ್ದರಲ್ಲಿ ಅತಿ ಮುಖ್ಯವಾದ ಮಾತು ನಿನ್ನದೊಂದಕ್ಕೆ ಮಾತ್ರ ಎಂಬುದು. ಭಾವ ಕಳುಹಿಸಿದ ಸಂದೇಶ ನಿಜವೇ ಆಗಿದ್ದರೂ ಅದು ನಿಮ್ಮ ಕಚೇರಿಯ ಪ್ರತಿಯೊಂದು ವಿಂಡೋಸ್ ಕಂಪ್ಯೂಟರ್‌ಗೂ ಅನ್ವಯಿಸಬೇಕಿತ್ತು; ಎಲ್ಲರಿಗೂ ಇರುವ ಕಾರಣ ಒಬ್ಬರ ತೊಂದರೆಯನ್ನು ವಿವರಿಸಲಾರದು. ಅದು ನಿಜವೂ ಅಲ್ಲ. 2001ರಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಈ ಶೇ 20ರ ಮಾತು ಸುತ್ತುತ್ತಿದೆ, ಮೈಕ್ರೋಸಾಫ್ಟ್ ಆಗಲೇ ಸ್ಪಷ್ಟನೆ ಕೊಟ್ಟಿದೆ. ಆ ಮಿತಿ ಇರುವುದು ಆದ್ಯತೆ ಬೇಕೆಂದು ಕೇಳುವ ಪ್ರೋಗ್ರಾಂಗಳು ಒಟ್ಟಾರೆ ಎಷ್ಟನ್ನು ಕಾಯ್ದಿರಿಸಬಹುದು ಎಂಬುದಕ್ಕೆ. ಯಾರೂ ಕೇಳದಿದ್ದಾಗ ಇಡೀ ಸಂಪರ್ಕ ಎಲ್ಲರಿಗೂ ಸಿಗುತ್ತದೆ. ಇನ್ನೂ ಒಂದು ಮಾತು: ಐದರಲ್ಲೊಂದು ಪಾಲು ಕಡಿಮೆಯಾದರೆ ಕೆಲಸ ನಿಧಾನವಾಗುತ್ತದೆಯೇ ಹೊರತು ಸಂಪರ್ಕ ಕಡಿದುಹೋಗುವುದಿಲ್ಲ.

ಭಾವ: ಹಾಗಾದರೆ ಡಿಎನ್‌ಎಸ್ ಬದಲಿಸುವುದೂ ಸುಳ್ಳೇ? ನಮ್ಮ ಮನೆಯಲ್ಲಿ ಬದಲಿಸಿದ ಮೇಲೆ ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂದು ನೀನೇ ನೋಡಿದ್ದೀಯ.

ನಾನು: 8.8.8.8 ನಿಜವಾದ ಸೇವೆಯೇ ಭಾವ, ಗೂಗಲ್ ಅದನ್ನು 2009ರಿಂದ ನಡೆಸುತ್ತಿದೆ. ಆದರೆ ಕಚೇರಿಯ ಒಳಗಿನ ಸರ್ವರ್‌ಗಳ ಹೆಸರು ಹೊರಗಿನ ಡಿಎನ್‌ಎಸ್‌ಗೆ ತಿಳಿದಿರುವುದಿಲ್ಲ. ಅಲ್ಲಿ ಹಾಗೆ ಬದಲಿಸಿದರೆ ಹೊರಗಿನ ಪುಟಗಳು ತೆರೆಯುತ್ತವೆ, ಒಳಗಿನ ಫೈಲ್ ಸರ್ವರ್ ಮತ್ತು ಲಾಗಿನ್ ಕೈಕೊಡುತ್ತವೆ. ಕಾರಣ ತಿಳಿಯುವ ಮೊದಲೇ ಸೆಟ್ಟಿಂಗ್ ಬದಲಿಸಿದರೆ ಒಂದು ತೊಂದರೆಯ ಜಾಗದಲ್ಲಿ ಎರಡಾಗುತ್ತವೆ.

ದೊಡ್ಡಪ್ಪ: ನೋಡಿ, ನಿಧಾನವಾಗಿ ವಿವರಿಸಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಇದೇ ಮಾತನ್ನು ಮೊದಲೇ ಹೀಗೆ ಹೇಳಿದ್ದರೆ ಜಗಳವಾಗುತ್ತಿರಲಿಲ್ಲ.

ತಂಗಿ: ಮೂಲ ಯಾವುದೆಂದು ಕೇಳಿದ್ದು ಜಗಳ ಹೇಗಾಗುತ್ತದೆ ದೊಡ್ಡಪ್ಪ?

ನಾನು: ಅಕ್ಕ, ಈಗ ಹುಡುಕಬೇಕಾದದ್ದು ದಾರಿಯಲ್ಲಿ ಎಲ್ಲಿ ಕಡಿಯುತ್ತಿದೆ ಎಂಬುದನ್ನು. ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಎಂದು ಕೊಟ್ಟರೆ ಡೀಫಾಲ್ಟ್ ಗೇಟ್‌ವೇ, ಅಂದರೆ ಕಚೇರಿಯ ನೆಟ್‌ವರ್ಕ್‌ನಿಂದ ಹೊರಹೋಗುವ ಬಾಗಿಲಿನ ವಿಳಾಸ ಸಿಗುತ್ತದೆ. ಒಂದು ಕಿಟಕಿಯಲ್ಲಿ ಆ ವಿಳಾಸಕ್ಕೆ, ಇನ್ನೊಂದರಲ್ಲಿ ಹೊರಗಿನ ಒಂದು ವಿಳಾಸಕ್ಕೆ ಪಿಂಗ್, ಅಂದರೆ ಉತ್ತರ ಬರುತ್ತದೆಯೇ ಎಂದು ನೋಡುವ ಪುಟ್ಟ ಸಂದೇಶ, ನಿಲ್ಲದೆ ಓಡುತ್ತಿರಲಿ. ನೆಟ್‌ವರ್ಕ್ ಹೋದಾಗ ಗೇಟ್‌ವೇ ಉತ್ತರಿಸುತ್ತಿದ್ದು ಹೊರಗಿನದು ಮಾತ್ರ ನಿಂತರೆ ದೋಷ ನಿನ್ನ ಮೇಜಿನ ಹತ್ತಿರ ಇರುವ ಸಾಧ್ಯತೆ ಕಡಿಮೆ. ಎರಡೂ ಉತ್ತರಿಸುತ್ತಿದ್ದು ಹೆಸರಿನಿಂದ ಮಾತ್ರ ಪುಟ ತೆರೆಯದಿದ್ದರೆ ಆಗ ಡಿಎನ್‌ಎಸ್ ಮೇಲೆ ಸಂಶಯ ಪಡೋಣ. ಗೇಟ್‌ವೇ ಕೂಡ ಮೌನವಾದರೆ ದೋಷ ಹೆಚ್ಚಾಗಿ ನಿನ್ನ ಕಂಪ್ಯೂಟರ್, ಕೇಬಲ್, ಗೋಡೆಯ ಸಾಕೆಟ್, ಎಲ್ಲರ ಕೇಬಲ್‌ಗಳು ಸೇರುವ ಸ್ವಿಚ್‌ ಪೆಟ್ಟಿಗೆಯ ಪೋರ್ಟ್ ಇಷ್ಟರೊಳಗೇ ಇದೆ. ಪ್ರತಿ ಸಲವೂ ಗಂಟೆ ನಿಮಿಷ ಬರೆದಿಡು, ಆ ಕ್ಷಣದಲ್ಲಿ ಕಂಪ್ಯೂಟರ್‌ನ ಹಿಂದೆ ಕೇಬಲ್ ಸೇರುವಲ್ಲಿನ ಸಣ್ಣ ದೀಪ ಉರಿಯುತ್ತಿದೆಯೇ ನೋಡು.

ಅಣ್ಣ: ಆಗ ನಮ್ಮ ಬಳಿ ಈ ದೀಪಗಳೂ ಇರಲಿಲ್ಲ, ಟರ್ಮಿನೇಟರನ್ನು ಕೈಯಿಂದ ತಿರುಗಿಸಿ ನೋಡುವುದೇ ಪರೀಕ್ಷೆಯಾಗಿತ್ತು.

ನಾನು: ಅಣ್ಣ, ನೀನು ಹೇಳಿದ ವ್ಯವಸ್ಥೆಯಲ್ಲಿ ಒಂದು ಕಡೆಯ ದೋಷ ಎಲ್ಲರನ್ನೂ ಕೆಡವುತ್ತಿತ್ತು. ಈಗ ಪ್ರತಿ ಮೇಜಿನಿಂದ ಸ್ವಿಚ್‌ಗೆ ಬೇರೆ ಬೇರೆ ಕೇಬಲ್ ಹೋಗುವುದರಿಂದ ದೋಷ ಆ ಒಂದು ಎಳೆಯಲ್ಲೇ ಉಳಿಯುತ್ತದೆ. ಅಕ್ಕನ ಸಾಲಿನವರೆಲ್ಲ ನೆಮ್ಮದಿಯಾಗಿರುವುದು ಅದಕ್ಕೇ.

(ಮರುದಿನ)

ಅಕ್ಕ: ನೆಟ್‌ವರ್ಕ್ ಹೋದಾಗಲೆಲ್ಲ ಗೇಟ್‌ವೇ ಕೂಡ ಉತ್ತರಿಸಲಿಲ್ಲ. ಹಿಂದಿನ ದೀಪವೂ ಆರಿತ್ತು, ಪರದೆಯಲ್ಲಿ ಕೇಬಲ್ ಕಳಚಿದೆ ಎಂಬ ಸೂಚನೆ ಬಂದು ಹೋಯಿತು. ಇನ್ನೊಂದನ್ನು ಗಮನಿಸಿದೆ: ಪಕ್ಕದ ಮೇಜಿನವಳ ಸಂಪರ್ಕದ ವೇಗ 1000 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಎಂದಿದೆ, ನನ್ನದು 100 ಎಂದು ತೋರಿಸುತ್ತದೆ.

ಭಾವ: ಕಂಡಿರಾ, ವೇಗ ಕಡಿಮೆ ಮಾಡಿದ್ದಾರೆ ಎಂಬುದು ಕೊನೆಗೂ ನಿಜವಾಯಿತು.

ತಂಗಿ: ಭಾವ, ಸಂದೇಶದಲ್ಲಿ ಇದ್ದದ್ದು ಶೇ 20. ಇಲ್ಲಿ ಇಳಿದಿರುವುದು ಹತ್ತರಲ್ಲೊಂದು ಪಾಲಿಗೆ.

ನಾನು: ಇದು ಒಳ್ಳೆಯ ಸುಳಿವು ಅಕ್ಕ. ನೆಟ್‌ವರ್ಕ್ ಕೇಬಲ್‌ನಲ್ಲಿ ಎಂಟು ತಂತಿಗಳು, ಅಂದರೆ ನಾಲ್ಕು ಜೋಡಿಗಳು ಇರುತ್ತವೆ. 100ರ ವೇಗಕ್ಕೆ ಎರಡು ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು. ಎರಡೂ ಕಡೆಯ ಯಂತ್ರಗಳು 1000ಕ್ಕೆ ಸಿದ್ಧವಿದ್ದರೂ ವೇಗ 100ಕ್ಕೆ ಇಳಿದಿದ್ದರೆ ಯಾವುದೋ ತಂತಿ ಸರಿಯಾಗಿ ಸೇರಿಲ್ಲ ಎಂಬ ಸಂಶಯ ಬಲವಾಗುತ್ತದೆ. ಐಪಿ ವಿಳಾಸದ ಘರ್ಷಣೆ, ಅಂದರೆ ಎರಡು ಕಂಪ್ಯೂಟರ್‌ಗಳಿಗೆ ಒಂದೇ ವಿಳಾಸ, ಆಗಿದ್ದರೆ ದೀಪ ಆರುತ್ತಿರಲಿಲ್ಲ; ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ವಿಳಾಸ ಸಿಗದಿದ್ದರೂ 169.254ರಿಂದ ಆರಂಭವಾಗುವ ವಿಳಾಸ ಕಾಣುತ್ತಿತ್ತು, ದೀಪ ಉರಿಯುತ್ತಲೇ ಇರುತ್ತಿತ್ತು. ವಿದ್ಯುತ್ ಉಳಿಸಲು ವಿಂಡೋಸ್ ನೆಟ್‌ವರ್ಕ್ ಕಾರ್ಡನ್ನು ಆರಿಸುವುದೂ ಒಂದು ಸಾಮಾನ್ಯ ಕಾರಣ, ಆದರೆ ನಿನಗೆ ಕೆಲಸದ ನಡುವೆಯೇ ಹೋಗುತ್ತಿದೆ. ಈಗ ಮೊದಲು ಕೇಬಲ್ ಮಾತ್ರ ಬದಲಿಸಿ ನೋಡು. ಅದರಿಂದ ಏನೂ ಆಗದಿದ್ದರೆ ಹಳೆಯ ಕೇಬಲನ್ನೇ ಮತ್ತೆ ಹಾಕಿ, ಗೋಡೆಯ ಸಾಕೆಟನ್ನು ಪಕ್ಕದವಳೊಂದಿಗೆ ಅದಲುಬದಲು ಮಾಡಿಕೊ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ.

ಅಕ್ಕ: ಕೇಬಲ್ ಬದಲಿಸಿದರೂ ಹೋಯಿತು. ಸಾಕೆಟ್ ಬದಲಿಸಿಕೊಂಡ ಮೇಲೆ ನನ್ನದು ಸರಿಯಾಯಿತು, ಅವಳದು ಹೋಗತೊಡಗಿತು. ಬರೆದಿಟ್ಟ ಸಮಯಗಳನ್ನು ನೋಡಿ ಅವಳೇ ಹೇಳಿದಳು, ಮೇಜಿನ ಕೆಳಗಿನ ಡ್ರಾಯರ್ ಪೂರ್ತಿ ಒಳಗೆ ತಳ್ಳಿದಾಗ ಅದರ ಹಿಂಬದಿ ಆ ಸಾಕೆಟ್‌ಗೆ ತಾಗುತ್ತದೆ ಎಂದು. ಈ ಬರವಣಿಗೆಯನ್ನು ನೆಟ್‌ವರ್ಕ್ ವಿಭಾಗಕ್ಕೆ ಕಳುಹಿಸಿದೆ. ಈ ಸಲ ಬಂದವರು ರೀಸ್ಟಾರ್ಟ್ ಮಾಡಲಿಲ್ಲ, ನೇರವಾಗಿ ಸಾಕೆಟ್‌ನ ಮುಚ್ಚಳ ಬಿಚ್ಚಿದರು. ಕಿತ್ತಳೆ ಬಣ್ಣದ ಒಂದು ತಂತಿ ಮತ್ತು ಕಂದು ಬಣ್ಣದ ಒಂದು ತಂತಿ ತಂತಿ ಹಿಡಿಯುವ ಲೋಹದ ಹಲ್ಲಿನ ಮೇಲೆ ಸುಮ್ಮನೆ ಕೂತಿದ್ದವು, ಒಳಗೆ ಇಳಿದಿರಲಿಲ್ಲ. ಎಂಟನ್ನೂ ಹೊಸದಾಗಿ ಒಳಗೆ ಒತ್ತಿ ಕೂರಿಸಿ (ಪಂಚ್ ಮಾಡಿ), ಸಾಕೆಟನ್ನು ಪಕ್ಕಕ್ಕೆ ಸರಿಸಿ ಕೂರಿಸಿದ್ದಾರೆ. ಈಗ 1000 ತೋರಿಸುತ್ತಿದೆ, ಸಂಜೆಯವರೆಗೆ ಒಂದು ಪಿಂಗ್ ಕೂಡ ತಪ್ಪಲಿಲ್ಲ.

ಅಣ್ಣ: ಅಂದರೆ ನಾನು ಹೇಳಿದ್ದೇ ಆಯಿತಲ್ಲ. ಕುರ್ಚಿಯ ಬದಲು ಡ್ರಾಯರ್, ಅಷ್ಟೇ ವ್ಯತ್ಯಾಸ.

ದೊಡ್ಡಪ್ಪ: ತಾಳ್ಮೆಯಿಂದ ನೋಡಿದ್ದರಿಂದ ಸಿಕ್ಕಿತು ಮಗಳೇ. ನಿನ್ನ ಸಹೋದ್ಯೋಗಿಗೂ ನನ್ನ ಮೆಚ್ಚುಗೆ ತಿಳಿಸು.

ತಂಗಿ: ಭಾವ, ಆ ಸಂದೇಶವನ್ನು ಬೇರೆ ಗುಂಪುಗಳಿಗೂ ಕಳುಹಿಸಿದ್ದೀರಾ?

ಭಾವ: ನಮ್ಮ ಕಾಲೇಜಿನ ಗುಂಪಿಗೆ ಕಳುಹಿಸಿದ್ದೇನೆ. ಅಲ್ಲಿ ಯಾರೂ ಮೂಲ ಕೇಳಲಿಲ್ಲ.

ನಾನು: ಭಾವ, ಅಲ್ಲಿ ಡಿಎನ್‌ಎಸ್ ಬಗ್ಗೆ ಒಂದು ಸಾಲನ್ನಾದರೂ ಸೇರಿಸಿ. ಕಚೇರಿಯ ಕಂಪ್ಯೂಟರ್‌ನಲ್ಲಿ ಅದನ್ನು ಬದಲಿಸಬಾರದು, ಬದಲಿಸಿದ್ದರೆ ಮೊದಲಿನಂತೆ ತಾನಾಗಿಯೇ ವಿಳಾಸ ಪಡೆಯುವ ಆಯ್ಕೆಗೆ ಮರಳಿಸಿ, ಬೇರೆ ವಿಳಾಸ ನಮೂದಿಸಿದ್ದರೆ ನೆಟ್‌ವರ್ಕ್ ವಿಭಾಗದವರನ್ನು ಕೇಳಿ ಎಂದು ಬರೆಯಿರಿ.

ಭಾವ: ನೀನು ಬರೆದುಕೊಡು, ನಾನು ಹಾಕುತ್ತೇನೆ.