ಊಟ, ನಿದ್ದೆ, ನಗು ಎಲ್ಲ ಇದೆ. ಆದರೂ ಖಿನ್ನತೆ ಇರಬಹುದಾ?

ಪ್ರಶ್ನೆ (ವೈದ್ಯಾಧಿಕಾರಿ, ಹೊಸನಗರ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರ):
ನಮಸ್ಕಾರ ಮೇಡಂ. 26 ವರ್ಷದ ಹೆಣ್ಣುಮಗಳು, ಮೂರು ತಿಂಗಳಲ್ಲಿ ಐದು ಸಲ ಬಂದಿದ್ದಾಳೆ. "ಸುಸ್ತು, ಕೈಕಾಲು ಭಾರ, ಒಂದು ಡ್ರಿಪ್ ಹಾಕಿ" ಅನ್ನುತ್ತಾಳೆ. ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ನಾರ್ಮಲ್. ರಾತ್ರಿ ಒಂಬತ್ತಕ್ಕೆ ಮಲಗಿದರೆ ಬೆಳಗ್ಗೆ ಎಂಟಾದರೂ ಏಳುವುದಿಲ್ಲ. ಐದು ಕೆಜಿ ತೂಕ ಏರಿದೆ. ಅಡಿಕೆ ಸುಲಿಯುವ ಹೊತ್ತಲ್ಲೂ ಮಲಗಿರುತ್ತಾಳೆ ಅಂತ ಅತ್ತೆಗೆ ಸಿಟ್ಟು. ಅನುಮಾನ ಬಂದು ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಪಿಎಚ್‌ಕ್ಯೂ-9 ಕೇಳಿದೆ, 7 ಬಂತು. ನಮ್ಮ ಸಿಸ್ಟರ್ ಜೊತೆ ನಗುನಗುತ್ತಾ ಮಾತಾಡುತ್ತಾಳೆ ಬೇರೆ. ಖಿನ್ನತೆ ಅಲ್ಲ ಅಂತ ಬಿಡಬಹುದಾ?

ಉತ್ತರ (ಮನೋವೈದ್ಯೆ, ಶಿವಮೊಗ್ಗ):
ಬಿಡಬೇಡಿ ಡಾಕ್ಟ್ರೇ. ಪ್ರಶ್ನೆ ಹೇಗೆ ಕೇಳಿದಿರಿ? "ನಿದ್ದೆ ಬರುತ್ತಾ? ಊಟ ಸೇರುತ್ತಾ?" ಅಂದರೆ "ಹ್ಞೂಂ, ಚೆನ್ನಾಗಿ" ಅನ್ನುತ್ತಾಳೆ. ನೀವು ಎರಡಕ್ಕೂ ಸೊನ್ನೆ ಹಾಕುತ್ತೀರಿ. ಪಿಎಚ್‌ಕ್ಯೂನಲ್ಲಿ ನಿದ್ದೆ ಜಾಸ್ತಿಯಾದರೂ, ತಿನ್ನುವುದು ಅತಿಯಾದರೂ ಅಂಕ ಇದೆ. ಹೆಚ್ಚುಕಮ್ಮಿ ದಿನಾ ಹಾಗೇ ಇದ್ದರೆ ಒಂದೊಂದಕ್ಕೆ 3. ನಿಮ್ಮ 7 ಅಲ್ಲೇ 13 ಆಗಬಹುದು. 10 ಮುಟ್ಟಿದರೆ ಕೂತು ವಿಚಾರಿಸಲೇಬೇಕು.

ನಗುವಿನ ಮಾತು. ಎಟಿಪಿಕಲ್, ಅಂದರೆ ಮಾಮೂಲಿಗಿಂತ ಬೇರೆ ಥರದ, ಡಿಪ್ರೆಶನ್‌ನಲ್ಲಿ ಒಳ್ಳೆಯದೇನಾದರೂ ನಡೆದರೆ ಮನಸ್ಸು ನಿಜಕ್ಕೂ ಅರಳುತ್ತದೆ. ತವರಿಂದ ಅಣ್ಣ ಬಂದಾಗ ಖುಷಿ, ಅವನು ಬಸ್ ಹತ್ತಿದ ಮೇಲೆ ಮತ್ತೆ ಅದೇ ಮಂಕು. ಇದರ ಜೊತೆ ಅತಿ ನಿದ್ದೆ, ಹಸಿವು ಅಥವಾ ತೂಕ ಹೆಚ್ಚುವುದು, ಕೈಕಾಲು ಕಲ್ಲು ಕಟ್ಟಿದಂಥ ಭಾರ, ಯಾರಾದರೂ ದೂರ ಮಾಡಿದರೆ ತಡೆಯಲಾರದಷ್ಟು ನೋವು, ಈ ನಾಲ್ಕರಲ್ಲಿ ಎರಡಾದರೂ ಇರಬೇಕು. ಕೊನೆಯದು ಹಳೆಯ ಸ್ವಭಾವವೇ ಆಗಿರುತ್ತದೆ. "ಯಾರಾದರೂ ಒಂದು ಮಾತಂದರೆ ಎಷ್ಟು ದಿನ ಕೊರೆಯುತ್ತೆ?" ಅಂತ ಕೇಳಿ ನೋಡಿ. ಆದರೆ ಎರಡು ವಾರವಾದರೂ ಬೇಸರ ಅಥವಾ ನಿರಾಸಕ್ತಿ ಇದೆಯಾ ಅನ್ನುವುದು ಮೊದಲು ಗಟ್ಟಿಯಾಗಬೇಕು.

ಹೆಸರು ಕೇಳಿ ಅಪರೂಪದ್ದು ಅಂದುಕೊಳ್ಳಬೇಡಿ. ನಾನೂ ಹೊಸದರಲ್ಲಿ ಒಬ್ಬ ಕಾಲೇಜು ಹುಡುಗಿಗೆ "ವೀಕ್ನೆಸ್" ಅಂತ ಬರೆದು ಬಿ ಕಾಂಪ್ಲೆಕ್ಸ್ ಕೊಟ್ಟು ಕಳಿಸುತ್ತಿದ್ದೆ. ಈಗಲೂ ನೆನಪಾದರೆ ಮುಜುಗರ.

ಸುಸ್ತು, ನಿದ್ದೆಗೆ ಬೇರೆ ಕಾರಣವೂ ಇರಬಹುದು. ಗೊರಕೆ ಇದೆಯಾ, ಮುಟ್ಟು ಯಾವಾಗ ಆಗಿದ್ದು, ಶೀತಕ್ಕೆ ಅಂತ ದಿನಾ ನಿದ್ದೆ ತರಿಸುವ ಸಿಟ್ರಿಜಿನ್ ಮಾತ್ರೆ ನುಂಗುತ್ತಾಳಾ, ಇವನ್ನೂ ನೋಡಿ.

ಪ್ರಶ್ನೆ:
ಮಳೆಗಾಲದಲ್ಲಿ ಶುರುವಾಯಿತಂತೆ. ಮಳೆಯಿಂದಾನಾ? ನಮ್ಮಲ್ಲಿ ಖಿನ್ನತೆಯ ಮಾತ್ರೆ ಅಮಿಟ್ರಿಪ್ಟಿಲಿನ್ ಇದೆ, ಶುರು ಮಾಡಲಾ?

ಉತ್ತರ:
ಒಂದು ಮಳೆಗಾಲ ನೋಡಿ ಹೇಳಲಾಗದು. ಸತತ ಎರಡು ವರ್ಷ ಅದೇ ಕಾಲಕ್ಕೆ ಬಂದು ಹೋಗಿರಬೇಕು. ಅಮಿಟ್ರಿಪ್ಟಿಲಿನ್ ಬೇಡ, ಅವಳ ನಿದ್ದೆ, ತೂಕ ಎರಡೂ ಇನ್ನಷ್ಟು ಏರುತ್ತವೆ. ಸರ್ಟ್ರಾಲಿನ್‌ನಂಥದ್ದು ವಾಸಿ. ಅದಕ್ಕೂ ಮುಂಚೆ, ಯಾವಾಗಲಾದರೂ ಕೆಲವು ದಿನ ನಿದ್ದೆ ಇಲ್ಲದೆಯೂ ವಿಪರೀತ ಹುರುಪು, ಮಾತು, ಖರ್ಚು ಇತ್ತಾ ಕೇಳಿ. ಇದ್ದರೆ ಬೈಪೋಲಾರ್, ಅಂದರೆ ಮಂಕು ಮತ್ತು ಅತಿ ಹುರುಪು ಎರಡೂ ಬರುವ ಕಾಯಿಲೆ ಇರಬಹುದು, ಮಾತ್ರೆ ಕೊಡದೆ ಇಲ್ಲಿಗೆ ಕಳಿಸಿ.

ಅಂದ ಹಾಗೆ, ಸಾಯುವ ಯೋಚನೆಯ ಒಂಬತ್ತನೇ ಪ್ರಶ್ನೆಗೆ ಏನಂದಳು?

ಪ್ರಶ್ನೆ:
ಇಲ್ಲ ಅಂದಳು ಮೇಡಂ. ಅತ್ತೆ ಪಕ್ಕದಲ್ಲೇ ಕೂತಿದ್ದರು.

ಉತ್ತರ:
ಹಾಗಾದರೆ ಅದು ಕೇಳಿದ ಲೆಕ್ಕವಲ್ಲ. ಆಶಾ ಕಾರ್ಯಕರ್ತೆಯನ್ನು ಕಳಿಸಿ ಇವತ್ತೇ ಕರೆಸಿ, ಒಬ್ಬಳನ್ನೇ ಕೂರಿಸಿ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಚೀಟಿಯಲ್ಲಿ ಬರೆದು ಅವಳ ಕೈಗೇ ಕೊಡಿ.